ಹಾವೇರಿ ಜಿಲ್ಲಾಧಿಕಾರಿಗಳಿಗೆ: ನಮ್ಮ ತಾಲ್ಲೂಕಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ನಿಮ್ಮ ಜಿಲ್ಲೆಯ ಒಂದು ಹಳ್ಳಿಯವಳು. ನನ್ನ ಮಗನಿಗೆ ಒಂಬತ್ತು ವರ್ಷ. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಹುಟ್ಟಿದ ಕೂಡಲೇ ಅಳಲಿಲ್ಲ, ಮೆದುಳಿಗೆ ಆಕ್ಸಿಜನ್ ಸಾಲಲಿಲ್ಲ ಅಂದರು ಡಾಕ್ಟರು. ಎಂಟು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಊರಲ್ಲಿ ಶಾಪ ಅಂದವರೂ ಇದ್ದಾರೆ. ಇದು ಶಾಪವಲ್ಲ, ಅಂಟುರೋಗವೂ ಅಲ್ಲ.

ನಾಲ್ಕು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ. ಕೇಳುವುದು ಒಂದೇ. ನಮ್ಮ ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಎರಡು ದಿನವಾದರೂ ಫಿಸಿಯೋಥೆರಪಿಸ್ಟ್ ಬರಲಿ.

ಈಗ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುತ್ತೇವೆ. ಬೆಳಗಿನ ಆರರ ಬಸ್ಸು. ನನಗೆ ಟಿಕೆಟ್ ಪುಕ್ಕಟೆ, ಸರಿ. ಅವತ್ತಿನ ಕೂಲಿ ಹೋಯಿತಲ್ಲ? ಮಗ ಈಗ ಹದಿನೆಂಟು ಕಿಲೋ. ಕಾಲು ಬಿಗಿದು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ, ಸೊಂಟದ ಮೇಲೆ ಕೂರಿಸಲು ಬರುವುದಿಲ್ಲ. ಗೋವಿನಜೋಳ ಮುರಿಯುವ ಹೊತ್ತಿಗೆ ಮೂರು ವಾರ ಹೋಗಲಾಗಲಿಲ್ಲ. ಅಷ್ಟರಲ್ಲೇ ಅವನ ಹಿಮ್ಮಡಿ ನೆಲಕ್ಕೆ ತಾಗುವುದು ನಿಂತಿತು.

ಮೆದುಳಿಗೆ ಆದ ಪೆಟ್ಟು ಹೆಚ್ಚಾಗುವುದಿಲ್ಲ. ಆದರೆ ಸ್ನಾಯು ಬಿಗಿಯುತ್ತಲೇ ಹೋಗುತ್ತವೆ. ದಿನಾ ಚಾಚಿಸದಿದ್ದರೆ ಕೀಲು ಸೆಟೆಯುತ್ತವೆ, ತೊಡೆಯ ಕೀಲು ಜಾರಲೂಬಹುದು. ಮನೆಯಲ್ಲಿ ನಾನೇ ಮಾಡಿಸುತ್ತೇನೆ. ಮಗು ಬೆಳೆದಂತೆ ವ್ಯಾಯಾಮ ಬದಲಾಗಬೇಕು, ತೋರಿಸಿಕೊಡುವವರು ಬೇಕು ಅಲ್ವಾ?

ಹೋದ ವರ್ಷ ಒಂದು ಶಿಬಿರದಲ್ಲಿ ಗಾಲಿಕುರ್ಚಿ ಕೊಟ್ಟರು. ಒಂಬತ್ತಕ್ಕೆ ಬರಹೇಳಿ, ಗಣ್ಯರು ಬರಲಿ ಅಂತ ಮಧ್ಯಾಹ್ನ ಎರಡರವರೆಗೆ ಕಾಯಿಸಿದರು. ಮಕ್ಕಳಿಗೆ ನೀರೂ ಇರಲಿಲ್ಲ. ಕೊಟ್ಟಿದ್ದು ದೊಡ್ಡವರ ಕುರ್ಚಿ. ತಲೆಗೆ ಆಸರೆಯಿಲ್ಲ, ಎದೆಗೆ ಬೆಲ್ಟಿಲ್ಲ. ಮಗ ಜಾರಿ ಬೀಳುತ್ತಿದ್ದ. ಟವೆಲ್ಲಿನಿಂದ ಕುರ್ಚಿಗೆ ಕಟ್ಟಿ ಫೋಟೋ ತೆಗೆದರು. ಅಳತೆ ಸರಿಯಿಲ್ಲ ಅಂದೆ. "ಬೆಳೀತಾನ ಬಿಡ್ರಿ. ಅವನಿಗೇನ್ ತಿಳೀತದ?" ಅಂದರು.

ಅವನಿಗೆ ತಿಳಿಯಿತು. ಅವನ ಮಾತು ತೊದಲುತ್ತದೆ, ಬುದ್ಧಿಯಲ್ಲ. ಇಪ್ಪತ್ತರವರೆಗೆ ಮಗ್ಗಿ ಹೇಳುತ್ತಾನೆ. ಅವತ್ತು ರಾತ್ರಿ ಊಟ ಮಾಡಲಿಲ್ಲ. ನನ್ನ ಮಗನನ್ನು ಕಟ್ಟಿಹಾಕಿದ ಆ ಟವೆಲ್ಲನ್ನು ನಾನು ಸಾಯುವತನಕ ಮರೆಯುವುದಿಲ್ಲ. ಕುರ್ಚಿ ಹಿತ್ತಲಲ್ಲಿ ಬಿದ್ದಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ನಿಮಗೆ ಗೊತ್ತೇ ಇದೆ. ಉಚಿತ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು, ಅದರಲ್ಲೂ ಹಳ್ಳಿಯವರಿಗೆ. ನಮ್ಮದು ಬಿಪಿಎಲ್ ಕಾರ್ಡು. ಹುಬ್ಬಳ್ಳಿ ನಮಗೆ ಹತ್ತಿರವೇ? ನೀವೇ ಹೇಳಿ. ಇಂಥ ಮಕ್ಕಳಿಗಾಗಿ ಇರುವ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ ಎಂಬುದನ್ನೂ ನನಗೆ ಹೇಳಿದ್ದು ಅಲ್ಲಿ ಸಿಕ್ಕ ಇನ್ನೊಬ್ಬ ತಾಯಿ. ನಾನು ಅಲೆದ ಯಾವ ಕಚೇರಿಯೂ ಹೇಳಲಿಲ್ಲ. ಇದು ಯಾಕೆ?

ಶಿಬಿರ ಬೇಡ. ಫೋಟೋ ಬೇಡ. ಫಿಸಿಯೋಥೆರಪಿಸ್ಟ್ ಕೊಡಿ. ವಾರಕ್ಕೆ ಎರಡು ದಿನ. ಅರ್ಜಿ ಮತ್ತೆ ಬೇಕಿದ್ದರೆ ಐದನೇ ಸಲವೂ ಬರೆದುಕೊಡುತ್ತೇನೆ. ಯಾವ ವಾರ, ಎಷ್ಟು ಗಂಟೆಗೆ ಅಂತ ಹೇಳಿ, ಮಗನನ್ನು ಹೊತ್ತು ತರುತ್ತೇನೆ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ತಾಯಿ