ಒತ್ತಿ ಒತ್ತಿ ಓಡಿಸಬೇಡ ಕೂಸೇ

ಶಿರಸಿ

ಚಿ. ಕೂಸಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ "ಮೂರು ಸಲ ಕ್ಲಚ್ ಒತ್ತಿರೆ ಗೇರು ಬೀಳ್ತು ಅಪ್ಪಾ" ಅಂದೆಯಲ್ಲ, ರಾತ್ರಿ ನಿದ್ದೆ ಬರಲಿಲ್ಲ. ಮೂರು ಸಲ ಒತ್ತಿದ ಮೇಲೆ ಸರಿಯಾಗುತ್ತದೆ ಅಂದರೆ ಅಂಬಾಸಿಡರ್ ಕಾರಿನ ಕ್ಲಚ್ಚಿನ ಎಣ್ಣೆ ಪೈಪಿನಲ್ಲಿ ಗಾಳಿ ಸೇರಿದೆ. ಎಣ್ಣೆಯನ್ನು ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿನ್ನ ಕಾಲಿನ ಬಲವೆಲ್ಲ ಗಾಳಿಯನ್ನು ಅಮುಕುವುದರಲ್ಲೇ ಮುಗಿದು, ಕೆಳಗಿನ ಸ್ಲೇವ್ ಸಿಲಿಂಡರ್, ಅಂದರೆ ಎಣ್ಣೆಯ ಒತ್ತಡದಿಂದ ತಳ್ಳುವ ಕೊಳವೆ, ಕ್ಲಚ್ ಬಿಡಿಸುವ ಫೋರ್ಕನ್ನು ಪೂರ್ತಿ ತಳ್ಳುವುದಿಲ್ಲ. ರಿವರ್ಸ್ ಹಾಕುವಾಗ ಕರಕರ ಅನ್ನುವುದು ಅದಕ್ಕೇ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ದೇವಿಮನೆ ಘಟ್ಟದಲ್ಲಿ ನಾವು ನಿಂತಿದ್ದು ನೆನಪಿದೆಯಾ? ಎದುರಿಗೆ ಲಾರಿ, ಹಿಂದೆ ಬಸ್ಸು, ಮೊದಲನೇ ಗೇರು ಬೀಳಲೇ ಇಲ್ಲ. ನೀನೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಆಮೇಲೆ ಒಂದು ಗ್ಯಾರೇಜಿನಲ್ಲಿ ಕ್ಲಚ್ಚಿನ ಒಳಗಿನ ಪ್ರೆಶರ್ ಪ್ಲೇಟ್ ಹೋಗಿದೆ ಅಂದರು, ಗೇರ್‌ಬಾಕ್ಸ್ ಇಳಿಸಿದರು, ದುಡ್ಡೂ ತೆಗೆದುಕೊಂಡರು. ಹದಿನೈದೇ ದಿನಕ್ಕೆ ಮತ್ತದೇ ಗೋಳು. ಕೊನೆಗೆ ನಾನೇ ಕೆಳಗೆ ಮಲಗಿ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟು ಎತ್ತಿದೆ. ಒಳಗಿದ್ದ ಬ್ರೇಕ್ ಆಯಿಲ್ (ಕ್ಲಚ್ಚಿಗೂ ಹಾಕುವುದು ಅದನ್ನೇ) ಮೊಣಕೈವರೆಗೆ ಇಳಿಯಿತು.

ಅದಕ್ಕೇ, ಮೊದಲು ಸೋರಿಕೆ ಹುಡುಕು. ಆ ಬೂಟು, ಪೈಪಿನ ಜಾಯಿಂಟು, ಪೆಡಲಿನ ಹಿಂದೆ ಮ್ಯಾಟಿನ ಕೆಳಗೆ, ಮೂರೂ ಕಡೆ ಬೆರಳಾಡಿಸು. ಒದ್ದೆಯಿದ್ದರೆ ಅದನ್ನು ಸರಿಮಾಡದೆ ಏರ್ ತೆಗೆದು ಪ್ರಯೋಜನವಿಲ್ಲ, ವಾರದಲ್ಲಿ ಮತ್ತೆ ಸೇರುತ್ತದೆ. ಬಂಗಾಳದ ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು 2014ರಲ್ಲೇ ನಿಲ್ಲಿಸಿತಲ್ಲ, ಹಾಗಾಗಿ ಸಿಲಿಂಡರಿನ ಒಂದು ರಬ್ಬರ್ ಕಿಟ್ ಹೆಚ್ಚಿಗೆ ತಂದು ಇಟ್ಟುಕೊಂಡಿದ್ದೇನೆ. ಅಳತೆ ನೋಡಿಯೇ ಹಾಕಬೇಕು.

ಏರ್ ತೆಗೆಯುವುದು ನಿನಗೆ ಹೊಸದಲ್ಲ. ನೀನು ಸೀಟಿನ ತುದಿಗೆ ಜಾರಿ ಕುಳಿತು ಪೆಡಲ್ ಒತ್ತುತ್ತಿದ್ದೆ. ಕೆಳಗಿನಿಂದ ನಾನು "ಒತ್ತು" ಅಂದರೆ ನೀನು "ಒತ್ತಿದ್ದೆ" ಅನ್ನುತ್ತಿದ್ದೆ. ನಾನು ಸ್ಲೇವ್ ಸಿಲಿಂಡರಿನ ನಿಪ್ಪಲ್, ಅಂದರೆ ಗಾಳಿ ಬಿಡುವ ತಿರುಪು, ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿದ ಮೇಲೇ "ಬಿಡು" ಅನ್ನುತ್ತಿದ್ದೆ. ಆ ಕ್ರಮ ತಪ್ಪಬಾರದು. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಹೊರಗಿನ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ. ಸಲಾಯಿನ್ ಪೈಪಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ಬಾಟಲಿಯ ಎಣ್ಣೆಯಲ್ಲಿ ಮುಳುಗಿರಲಿ. ಮೊದಲು ಕಾಫಿ ಬಣ್ಣದ ಎಣ್ಣೆ ಬರುತ್ತದೆ, ಆಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು, ನಡುವೆ ಒಮ್ಮೊಮ್ಮೆ ಬೆರಳುದ್ದದ ಖಾಲಿ ಜಾಗ. ಗುಳ್ಳೆ ನಿಂತು ಪೈಪು ತಿಳಿಯಾಗುವವರೆಗೆ ಕೆಲಸ ನಿಲ್ಲಿಸಬೇಡ. ನಾಲ್ಕೈದು ಸಲಕ್ಕೊಮ್ಮೆ, ಪೈಪಿಗೆ ಎಣ್ಣೆ ಇಳಿಯುವ ಮೇಲಿನ ಡಬ್ಬಿ ನೋಡು. ಅದು ಬರಿದಾದರೆ ಮೊದಲಿಂದ ಶುರು.

ಎಣ್ಣೆ ಸೀಲ್ ಇದ್ದ ಹೊಸ ಡಬ್ಬಿಯದೇ ಆಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನೀನಿರುವ ಕಾರವಾರದ ಕಡಲ ಗಾಳಿಯಲ್ಲಿ ಕೇಳಬೇಕೇ! ಆ ನೀರಿನಿಂದಲೇ ಸಿಲಿಂಡರಿನ ಒಳಗೆ ತುಕ್ಕು ಹಿಡಿದು ರಬ್ಬರ್ ಹರಿದುಹೋಗುತ್ತದೆ. ಎಂಜಿನ್ ಆಯಿಲ್ ಮಾತ್ರ ಒಂದು ತೊಟ್ಟೂ ಬೇಡ, ರಬ್ಬರ್ ಉಬ್ಬಿಹೋಗುತ್ತದೆ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರು ಹಾಕು.

ಇಷ್ಟಾದರೂ ಪೆಡಲ್ ಮೆತ್ತಗೇ ಇದ್ದರೆ, ಸಿರಿಂಜಿನಲ್ಲಿ ಎಣ್ಣೆ ತುಂಬಿ ನಿಪ್ಪಲಿನಿಂದ ಮೇಲಕ್ಕೆ ನಿಧಾನ ತಳ್ಳಬೇಕು. ಗಾಳಿಯ ಗುಣವೇ ಮೇಲೇರುವುದು, ಗುಳ್ಳೆಗಳು ಡಬ್ಬಿಯಲ್ಲಿ ಬಂದು ಒಡೆಯುತ್ತವೆ. ಅದನ್ನು ಒಬ್ಬಳೇ ಮಾಡಲು ಹೋಗಬೇಡ.

ಹಬ್ಬಕ್ಕೆ ಹೊರಡುವ ದಿನ ಮನೆ ಮುಂದೆ ರಿವರ್ಸ್ ಹಾಕಿ ನೋಡು. ಕರಕರ ಅಂದರೆ ಕಾರು ಅಲ್ಲೇ ಬಿಟ್ಟು ಬಸ್ಸಿಗೆ ಬಾ. ಹಬ್ಬ ಮುಗಿದ ಮೇಲೆ ಕಿಟ್ಟು, ಪಾನಾ ಹಿಡಿದು ನಿನ್ನ ಜೊತೆಗೇ ಬರುತ್ತೇನೆ. ಪೆಡಲ್ ಒತ್ತಲು ನೀನೇ ಬೇಕು.

ಆಯಿ ತೊಡದೇವು ಮಾಡಿ ಡಬ್ಬಿ ತುಂಬಿಸಿದ್ದಾಳೆ.

ನಿನ್ನ ಅಪ್ಪ