ಹೀಟರ್ ವಾಸನೆಗೆ ಸುಗಂಧದ ಡಬ್ಬಿ ಮದ್ದಲ್ಲ

ಮಾನ್ಯ ಸಂಪಾದಕರೇ,

ಧನುರ್ಮಾಸದ ಚಳಿಯಲ್ಲಿ ನಸುಕಿಗೇ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಾಗ, ವರ್ಷಕ್ಕೆ ಒಂದೆರಡು ತಿಂಗಳಷ್ಟೇ ಬಳಸುವ ಕಾರಿನ ಹೀಟರ್ ಹಾಕಿದೊಡನೆ ಸಿಹಿಯಾದ ವಾಸನೆ ಬಂದು, ಮುಂಗಾಜಿನ ಒಳಬದಿಗೆ ಜಿಡ್ಡಿನ ಮಬ್ಬು ಕವಿಯಿತು. ಗ್ಯಾರೇಜಿನವರು ಸುಗಂಧದ ಡಬ್ಬಿಯೊಂದನ್ನು ಇಟ್ಟು ಕಳುಹಿಸಿದರು. ಹಣವನ್ನು ಮಾತ್ರ ಪೂರ್ತಿ ಪಡೆದರು.

ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್ ಬಿಸಿಯಾಗಿ ಹರಿದುಹೋಗುವ, ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಕೋರ್ ಸೋರಿದರೆ ಇಂತಹ ವಾಸನೆ ಬರುತ್ತದೆ. ಕಾಲಡಿಯ ಹಾಸು ತೇವವಾಗಿದ್ದು, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಕೂಲಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿಯಾದ್ದರಿಂದ, ಸೋರುವ ಕೋರ್ ಅಥವಾ ಕೊಳವೆಯನ್ನು ಬದಲಿಸುವುದೇ ಸರಿಯಾದ ದಾರಿ. ಮುಗ್ಗಲು ವಾಸನೆಯಾದರೆ ಕೊಳೆತ ಎಲೆ, ಧೂಳು ತುಂಬಿದ ಕ್ಯಾಬಿನ್ ಫಿಲ್ಟರನ್ನೋ ಗಾಳಿಯನ್ನು ತಂಪುಮಾಡುವ ಎ.ಸಿ. ಇವಾಪೊರೇಟರ್ ಮೇಲಿನ ಬೂಷ್ಟನ್ನೋ ಮೊದಲು ನೋಡಬೇಕು. ಸೈಲೆನ್ಸರ್ ಹೊಗೆಯ ವಾಸನೆ ಒಳಗೆ ಬಂದರಂತೂ ಕೂಡಲೇ ಕಿಟಕಿ ತೆರೆದು, ಕಾರು ನಿಲ್ಲಿಸಿ ಇಳಿಯಬೇಕು. ಆ ಹೊಗೆಯಲ್ಲಿರುವ ಪ್ರಾಣಾಂತಿಕ ಕಾರ್ಬನ್ ಮಾನಾಕ್ಸೈಡಿಗೆ ಸ್ವತಃ ವಾಸನೆಯೇ ಇಲ್ಲ.

ನಮ್ಮೂರಿನ ಗ್ಯಾರೇಜಿನವರು ಸುಗಂಧ ಮಾರುವ ಮೊದಲು ಕೂಲಂಟ್ ಸೋರಿಕೆಯ ಒತ್ತಡ ಪರೀಕ್ಷೆಯನ್ನು ಮಾಡಿ, ಕಂಡದ್ದನ್ನು ಬಿಲ್ಲಿನಲ್ಲಿ ಬರೆದುಕೊಡಲಿ ಎಂಬುದು ನನ್ನ ವಿನಂತಿ.

– ಓದುಗ, ದಾವಣಗೆರೆ