ಗುಳ್ಳೆ ನಿಂತಿತ್ತು, ಬಿಯರ್ ಆಗಿರಲಿಲ್ಲ: ನಿಮ್ಮ ಕಿಟ್ ಬಗ್ಗೆ ನನ್ನ ದೂರು

ಇವರಿಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು

ವಿಷಯ: ಮನೆಯಲ್ಲಿ ಬಿಯರ್ ಮಾಡುವ 40 ಪೈಂಟ್ (ಸುಮಾರು 23 ಲೀಟರ್) ಕಿಟ್, ಅದರ ಜೊತೆ ಬಂದ ತಪ್ಪು ತೋರಿಸುವ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ ಸಕ್ಕರೆ ಎಷ್ಟಿದೆ ಅಂತ ಅಳೆಯುವ ಗಾಜಿನ ಕಡ್ಡಿ), ಒಡೆದ 11 ಬಾಟಲಿಗಳು

ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಎರಡು ಇಮೇಲ್ ಕಳಿಸಿದೆ. ಇಮೇಲ್‌ಗೆ ಬಂದಿದ್ದು ‘ನಿಮ್ಮ ಸಂದೇಶ ತಲುಪಿದೆ’ ಅನ್ನೋ ಕಂಪ್ಯೂಟರ್ ಉತ್ತರ ಮಾತ್ರ. ಇನ್ನು ಫೋನ್ ಮಾಡುವುದಿಲ್ಲ, ಬರೆದೇ ಕೊಡುತ್ತೇನೆ. ಅಂಗಡಿ ಇಂಗ್ಲೆಂಡಿನಲ್ಲಿದ್ದರೂ ಅದರ ಯಜಮಾನರು ನಮ್ಮ ಕಡೆಯವರು. ನಿಮ್ಮವರು ಫೋನಿನಲ್ಲಿ ನನ್ನ ಜೊತೆ ಮಾತಾಡಿದ್ದು ಕನ್ನಡದಲ್ಲಿ, ನನಗೆ ಅವಮಾನ ಆಗಿದ್ದೂ ಕನ್ನಡದಲ್ಲೇ. ಹಾಗಾಗಿ ದೂರೂ ಕನ್ನಡದಲ್ಲೇ ಇರಲಿ.

ನಾನು ಇಂಗ್ಲೆಂಡಿನ ಹಲ್ ನಗರದಲ್ಲಿದ್ದೇನೆ. ಇಲ್ಲಿನ ಒಂದು ಶಾಲೆಯ ಲ್ಯಾಬ್‌ನಲ್ಲಿ ಕೆಲಸ. ಗಂಡನ 50ನೇ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಬಿಯರ್ ಮಾಡೋಣ ಅಂತ ಆಸೆಯಾಯಿತು. ಊರಲ್ಲಿ ನಮ್ಮತ್ತೆಗೆ ವಿಷಯ ಗೊತ್ತಾಗಿ ಪೊಲೀಸರು ಬರುತ್ತಾರೆ ಅಂತ ಗಾಬರಿಯಾದರು. ಈ ದೇಶದಲ್ಲಿ 1963ರಿಂದ ಮನೆಬಳಕೆಗೆ ಮಾಡೋಕೆ ಲೈಸೆನ್ಸ್ ಬೇಡ, ಮಾರಬಾರದು ಅಷ್ಟೇ ಅಂತ ಸಮಾಧಾನ ಹೇಳಿದೆ. ಜನವರಿ 9ಕ್ಕೆ ನಿಮ್ಮ ಪೆಟ್ಟಿಗೆ ಬಂತು. 11ನೇ ತಾರೀಕು ಶನಿವಾರ ಬಕೆಟ್ಟು, ಸೌಟು, ಏರ್‌ಲಾಕ್ (ಒಳಗಿನ ಗಾಳಿಯನ್ನು ನೀರಿನ ಮೂಲಕ ಗುಳ್ಳೆಯಾಗಿ ಹೊರಗೆ ಬಿಡುವ ಸಣ್ಣ ಕೊಳವೆ) ಎಲ್ಲ ತೊಳೆದು, ಮಾಲ್ಟ್ (ಮೊಳಕೆ ಬಂದ ಬಾರ್ಲಿಯ ಪಾಕ) ಡಬ್ಬಿಗಳನ್ನು ಬಿಸಿನೀರಲ್ಲಿ ಇಟ್ಟು ಇಳಿಸಿ, ಗೆರೆ ನೋಡಿಕೊಂಡು 23 ಲೀಟರ್‌ಗೆ ನೀರು ಹಾಕಿ ಯೀಸ್ಟ್ ಉದುರಿಸಿದೆ. ಅದಕ್ಕೂ ಮೊದಲು ನೀವು ಕೊಟ್ಟ ಹೈಡ್ರೋಮೀಟರ್ ತೇಲಿಸಿ ನೋಡಿದೆ. ದ್ರವದಲ್ಲಿ ಸಕ್ಕರೆ ಹೆಚ್ಚಿದ್ದರೆ ಅಂಕಿ ಹೆಚ್ಚು, ಹುದುಗುತ್ತಾ ಹೋದಂತೆ ಅಂಕಿ ಇಳಿಯುತ್ತದೆ. 1.040 ತೋರಿಸಿತು. ಪೆಟ್ಟಿಗೆ ಮೇಲೆ ಶುರುವಿನ ಅಳತೆ 1.048 ಅಂತ ಅಚ್ಚಾಗಿದೆ.

ಎಂಟು ಅಂಕ ಕಡಿಮೆ. ಆವತ್ತೇ ಫೋನ್ ಮಾಡಿದೆ. ‘ಸರಿಯಾಗಿ ಕಲಸಿಲ್ಲ ಮೇಡಂ, ಇಲ್ಲಾಂದ್ರೆ ನೀರು ಜಾಸ್ತಿ ಆಗಿದೆ, ಏನೂ ಆಗಲ್ಲ ಬಿಡಿ’ ಅಂದರು. ಹೈಡ್ರೋಮೀಟರನ್ನು ಬರೀ ನೀರಿನಲ್ಲಿ ಒಂದು ಸಲ ತೇಲಿಸಿ ನೋಡಿ ಅಂತ ಅವತ್ತು ಒಂದೇ ಒಂದು ಮಾತು ಹೇಳಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆಮೇಲೆ ನಿಮ್ಮ ಸೂಚನಾ ಹಾಳೆಯನ್ನೇ ನಂಬಿದೆ. ಅದರಲ್ಲಿರುವುದು ಇಷ್ಟು: ಕೋಣೆಯ ಉಷ್ಣತೆಯಲ್ಲಿ ಇಡಿ, 5ರಿಂದ 7 ದಿನ ಬಿಡಿ, ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಿ. ಯಾವ ಕೋಣೆ? ಯಾವ ತಿಂಗಳು? ಜನವರಿಯಲ್ಲಿ ನಮ್ಮ ಮನೆಯ ಮೆಟ್ಟಿಲ ಕೆಳಗೆ 15 ಡಿಗ್ರಿ ಇರುತ್ತದೆ. ಈ ತರದ ಏಲ್ ಯೀಸ್ಟ್‌ಗೆ 18ರಿಂದ 22 ಬೇಕು. ಹಾಳೆಯಲ್ಲಿ ಒಂದೂ ಅಂಕಿ ಇಲ್ಲ.

ಏಳನೇ ದಿನ ಗುಳ್ಳೆ ನಿಂತಿತು. ರೀಡಿಂಗ್ ತೆಗೆದರೆ 1.012. ಪೆಟ್ಟಿಗೆ ಮೇಲೆ ಕೊನೆಯ ಅಳತೆ 1.010ರಿಂದ 1.012 ಅಂತ ಇದೆ. ಆದರೂ ಅನುಮಾನ ಹೋಗಲಿಲ್ಲ, ರುಚಿ ಇನ್ನೂ ಸಿಹಿ ಇತ್ತು, ಪಾನಕದ ತರ. ಎರಡನೇ ಸಲ ಫೋನ್ ಮಾಡಿದೆ. ‘ಒಂದು ನಿಮಿಷ ಗುಳ್ಳೆ ಎಣಿಸಿ ಮೇಡಂ, ನಾನು ಲೈನಲ್ಲೇ ಇರ್ತೀನಿ’ ಅಂದರು. ಮೆಟ್ಟಿಲ ಕೆಳಗೆ ಮೊಣಕಾಲೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಗಡಿಯಾರ ನೋಡುತ್ತ ಎಣಿಸಿದೆ. ಒಂದೂ ಬರಲಿಲ್ಲ. ‘ಹಾಗಾದ್ರೆ ಮುಗೀತು, ತುಂಬಿಸಿ.’ ಸಿಹಿ ಇದೆಯಲ್ಲ ಅಂದೆ. ‘ಹೊಸಬರಿಗೆ ಹಾಗೇ ಅನ್ಸುತ್ತೆ.’ ಮಾರನೇ ದಿನ 42 ಬಾಟಲಿ ತುಂಬಿಸಿದೆ. ಹಾಳೆಯಲ್ಲಿ ಹೇಳಿದ ಹಾಗೆ ಒಂದೊಂದಕ್ಕೂ ಅರ್ಧ ಚಮಚ ಸಕ್ಕರೆ ಹಾಕಿ, ಮುಚ್ಚಳ ಒತ್ತಿ, ‘ಬೆಚ್ಚಗಿನ ಜಾಗದಲ್ಲಿ ಎರಡು ವಾರ’ ಅಂತ ಬಾಯ್ಲರ್ ಪಕ್ಕದ ಬೀರುವಿನಲ್ಲಿ ಇಟ್ಟೆ.

ಫೆಬ್ರವರಿ 2ರ ರಾತ್ರಿ ಎರಡು ಮುಕ್ಕಾಲಿಗೆ ಮೊದಲನೆಯದು ಒಡೆಯಿತು. ಯಾರೋ ಕಿಟಕಿಗೆ ಕಲ್ಲು ಹೊಡೆದರು ಅಂದುಕೊಂಡೆವು. ಇವರು ಬರಿಗಾಲಲ್ಲಿ ಕೆಳಗಿಳಿದು ಹೋದರು, ಬೀರುವಿನ ಬಾಗಿಲು ತೆಗೆಯುವಷ್ಟರಲ್ಲಿ ಇನ್ನೆರಡು ಒಡೆದವು. ಅಂಗಾಲಿಗೆ ಗಾಜು ಹೊಕ್ಕು ಮೂರು ಹೊಲಿಗೆ ಬಿತ್ತು. ಬೆಳಗಾಗುವುದರೊಳಗೆ ಒಟ್ಟು ಹನ್ನೊಂದು ಹೋಗಿದ್ದವು. ಅದೇ ಬೀರುವಿನ ಮೇಲಿನ ಅರೆಯಲ್ಲಿ ನಮ್ಮಮ್ಮ ಕೊಟ್ಟ ಇಳಕಲ್ ಸೀರೆ ಇತ್ತು. ಅದರ ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿ ಕಂಬಳಿಗೆ ಇಳಿದಿದೆ. ಗಾಜಿನ ಚೂರು ಕಣ್ಣಿಗೆ ಬೀಳದೆ ಇರಲಿ, ಬಾಗಿಲ ಹತ್ತಿರ ನಿಂತಿದ್ದ ನನ್ನ ಮಗನ ಕಣ್ಣಿಗೆ ಬೀಳದೆ ಇರಲಿ ಅಂತ ಆ ರಾತ್ರಿ ಬೇಡಿಕೊಂಡಿದ್ದು ನನಗೆ ಮಾತ್ರ ಗೊತ್ತು.

ಈಗ ಫೆಬ್ರವರಿ 4ರ ಮೂರನೇ ಫೋನ್. ಇದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಕರೆಗಳನ್ನು ರೆಕಾರ್ಡ್ ಮಾಡುತ್ತೇವೆ ಅಂತ ನೀವೇ ಶುರುವಲ್ಲಿ ಹೇಳುತ್ತೀರಿ, ತೆಗೆದು ಕೇಳಿ.

ಸಂಜೆ ನಾಲ್ಕು ಹತ್ತಕ್ಕೆ ಮಾಡಿದೆ. ಹತ್ತೊಂಬತ್ತು ನಿಮಿಷ ಸಂಗೀತ ಕೇಳಿಸಿದಿರಿ. ಸ್ಪೀಕರ್‌ಗೆ ಹಾಕಿ ಅಡುಗೆಮನೆ ಮೇಜಿನ ಮೇಲೆ ಫೋನ್ ಇಟ್ಟಿದ್ದೆ, ನೆಲ ಇನ್ನೂ ಚಪ್ಪಲಿಗೆ ಅಂಟುತ್ತಿತ್ತು, ಇವರು ಕಾಲನ್ನು ಕುರ್ಚಿ ಮೇಲೆ ಚಾಚಿ ಕೂತಿದ್ದರು, ಮಗ ಹೋಮ್‌ವರ್ಕ್ ಮಾಡುತ್ತಿದ್ದ. ಅದೇ ಧ್ವನಿ ಬಂತು. ನಾನು ಆರ್ಡರ್ ನಂಬರ್ ಹೇಳಿ, ಹನ್ನೊಂದು ಬಾಟಲಿ ಒಡೆದಿವೆ, ಕಿಟ್ ವಾಪಸ್ ತಗೊಂಡು ಹಣ ಕೊಡಿ ಅಂದೆ.

‘ಗುಳ್ಳೆ ನಿಂತ ಮೇಲೇ ತುಂಬಿಸಿದ್ರಾ?’
‘ಹೌದು. ನೀವೇ ಎಣಿಸೋಕೆ ಹೇಳಿದ್ರಿ.’
‘ಸರಿಯಾಗಿ ಎಣಿಸಿಲ್ಲ ಅನ್ಸುತ್ತೆ.’
‘ಒಂದೂ ಇರಲಿಲ್ಲ. ಸೊನ್ನೆ ಎಣಿಸೋದು ಹೇಗೆ ತಪ್ಪುತ್ತೆ?’
ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸಕ್ಕರೆ ಜಾಸ್ತಿ ಹಾಕಿರ್ತೀರ.’
‘ಅರ್ಧ ಚಮಚ. ಮಟ್ಟ ಮಾಡಿದ ಚಮಚ.’
‘ಮೇಡಂ, ನಿಮ್ಮ ಯಜಮಾನ್ರು ಇದ್ದಾರಾ? ಅವರಿಗೆ ಕೊಡಿ.’

ಯಾಕೆ ಅಂತ ಕೇಳಿದೆ. ‘ಟೆಕ್ನಿಕಲ್ ವಿಷಯ ಅಲ್ವಾ, ಅವರಿಗಾದ್ರೆ ಬೇಗ ಅರ್ಥ ಆಗುತ್ತೆ.’ ಬಿಯರ್ ಮಾಡಿದ್ದು ನಾನು. ರೀಡಿಂಗ್ ತೆಗೆದಿದ್ದು ನಾನು. ಇವರಿಗೆ ಹೈಡ್ರೋಮೀಟರ್ ತಲೆ ಯಾವುದು ಬುಡ ಯಾವುದು ಗೊತ್ತಿಲ್ಲ, ಅದನ್ನು ಇವರೇ ಹೇಳಿದರು. ಆದರೂ ನಿಮ್ಮವರು ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಇವರ ಜೊತೆ ಮಾತು ಮುಂದುವರಿಸಿದರು. ‘ಸಾರ್, ಇದು ದೋಸೆ ಹಿಟ್ಟಲ್ಲ, ಸ್ವಲ್ಪ ಸೈನ್ಸ್ ಬೇಕು, ಮನೆಯವರಿಗೆ ನಿಧಾನಕ್ಕೆ ಹೇಳಿಕೊಡಿ.’ ಹಿಂದೆ ಯಾರೋ ನಕ್ಕರು. ನನ್ನ ಹನ್ನೊಂದು ವರ್ಷದ ಮಗ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ದಿನಾ ಮಕ್ಕಳಿಗೆ ಅಳತೆ ಕೊಳವೆಯಲ್ಲಿ ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ತಂದು ಹೇಗೆ ಓದಬೇಕು ಅಂತ ತೋರಿಸುವ ಕೆಲಸ ಮಾಡುತ್ತೇನೆ, ಅದು ಅವನಿಗೆ ಗೊತ್ತು. ನನಗೆ ಆ ಕ್ಷಣ ಬಾಯಿಗೆ ಒಂದು ಮಾತೂ ಬರಲಿಲ್ಲ. ಫೋನ್ ಇಟ್ಟೆ.

ದೋಸೆ ಹಿಟ್ಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈ ಊರಿನ ಚಳಿಯಲ್ಲಿ ರುಬ್ಬಿದ ಹಿಟ್ಟನ್ನು ಕಟ್ಟೆ ಮೇಲೆ ಇಟ್ಟರೆ ಬೆಳಿಗ್ಗೆ ಸುರಿದಷ್ಟೇ ಇರುತ್ತದೆ, ಒಂದು ಗುಳ್ಳೆ ಇರಲ್ಲ. ಹಾಗಂತ ಅದು ಹುಳಿ ಬಂದು ಮುಗಿದಿದೆ ಅಂತ ಯಾರಾದರೂ ಅಂತಾರಾ? ಅದೇ ಪಾತ್ರೆಯನ್ನು ಓವನ್ ಒಳಗೆ ದೀಪ ಹಾಕಿ ಇಡಿ, ಮಧ್ಯಾಹ್ನಕ್ಕೆ ಮುಚ್ಚಳ ಎತ್ತುತ್ತದೆ. ಸುಮ್ನೆ ಇರುವುದು ಬೇರೆ, ಮುಗಿದಿರುವುದು ಬೇರೆ. ದೋಸೆ ಮಾಡುವವರಿಗೆ ಗೊತ್ತಿರುವ ಇಷ್ಟು ವಿಷಯ ಬಿಯರ್ ಕಿಟ್ ಮಾರುವವರಿಗೆ ಗೊತ್ತಿರಬೇಕಿತ್ತು.

ಆ ರಾತ್ರಿ ನಿಮ್ಮ ಹೈಡ್ರೋಮೀಟರನ್ನು 20 ಡಿಗ್ರಿಯ ಬರೀ ನೀರಿನಲ್ಲಿ ತೇಲಿಸಿದೆ. 1.000 ತೋರಿಸಬೇಕು. ತೋರಿಸಿದ್ದು 0.992. ದೀಪದ ಹತ್ತಿರ ಹಿಡಿದು ನೋಡಿದರೆ, ಗಾಜಿನ ಕೊಳವೆಯೊಳಗೆ ಸುತ್ತಿಟ್ಟ ಅಂಕಿಗಳ ಕಾಗದ ಜಾರಿದೆ. ಮೊದಲು ಅಂಟಿಸಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಅಂಟು ಒಣಗಿ ಕೂತಿದೆ, ಕಾಗದದ ಮೇಲಂಚು ಅದಕ್ಕಿಂತ ಒಂದು ಅಕ್ಕಿ ಕಾಳಿನಷ್ಟು ಕೆಳಗಿದೆ. ಕಾಗದ ಕೆಳಗೆ ಜಾರಿದರೆ ಪ್ರತಿ ರೀಡಿಂಗೂ ಕಡಿಮೆ ಬರುತ್ತದೆ. ಎಂಟು ಸೇರಿಸಿ ನೋಡಿ. ಮೊದಲ ದಿನದ 1.040 ಅಸಲಿಗೆ 1.048, ನಿಮ್ಮ ಪೆಟ್ಟಿಗೆ ಮೇಲಿರುವ ಸಂಖ್ಯೆಯೇ. ನಾನು ಸರಿಯಾಗಿಯೇ ಕಲಸಿದ್ದೆ, ನೀರೂ ಜಾಸ್ತಿಯಾಗಿರಲಿಲ್ಲ. ಏಳನೇ ದಿನದ 1.012 ಅಸಲಿಗೆ 1.020. ಚಳಿಗೆ ಯೀಸ್ಟ್ ತಳಕ್ಕೆ ಇಳಿದು ಮಲಗಿತ್ತು, ಸಕ್ಕರೆ ಇನ್ನೂ ಉಳಿದಿತ್ತು. ನನ್ನ ನಾಲಿಗೆ ಸಿಹಿ ಅಂದಿದ್ದು ನಿಜವೇ. ಆಮೇಲೆ ಬಾಯ್ಲರ್ ಪಕ್ಕದ ಬಿಸಿಗೆ ಅದು ಎದ್ದು, ಮುಚ್ಚಿದ ಬಾಟಲಿಯೊಳಗೆ ಉಳಿದದ್ದನ್ನು ತಿನ್ನತೊಡಗಿತು. ಒಂದು ಗ್ರಾಂ ಸಕ್ಕರೆ ಹುದುಗಿದರೆ ಹತ್ತಿರ ಹತ್ತಿರ ಅರ್ಧ ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ನೀವು ಹಾಕಲು ಹೇಳಿದ ಅರ್ಧ ಚಮಚದ ಹಲವು ಪಟ್ಟು ಸಕ್ಕರೆ ಆಗಲೇ ಪ್ರತಿ ಬಾಟಲಿಯಲ್ಲಿತ್ತು. ಗಾಜು ಎಷ್ಟು ಅಂತ ತಡೆಯುತ್ತದೆ?

ಗುಳ್ಳೆ ಯಾವತ್ತೂ ಸಾಕ್ಷಿಯಲ್ಲ, ಇದು ನಿಮಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ಬಕೆಟ್ಟಿನ ಮುಚ್ಚಳ ಸಡಿಲ ಇದ್ದರೆ ಗಾಳಿ ಪಕ್ಕದಿಂದ ಹೋಗುತ್ತದೆ, ಒಳಗೆ ಭರ್ಜರಿ ಕೆಲಸ ನಡೆಯುತ್ತಿದ್ದರೂ ಏರ್‌ಲಾಕ್ ಅಲ್ಲಾಡಲ್ಲ. ಪೂರ್ತಿ ಮುಗಿದ ಬಿಯರ್ ಸ್ವಲ್ಪ ಬಿಸಿಯಾದರೆ ಕರಗಿದ್ದ ಗಾಳಿ ಹೊರಬಂದು ಗುಳ್ಳೆ ಏಳುತ್ತದೆ. ಮುಗಿದಿದೆಯೋ ಇಲ್ಲವೋ ಹೇಳುವುದು ಹೈಡ್ರೋಮೀಟರ್. ಅದೂ ಒಂದು ರೀಡಿಂಗ್ ಸಾಲದು. ಬೆಚ್ಚಗಿನ ಜಾಗದಲ್ಲಿಟ್ಟು, ಎರಡು ಮೂರು ದಿನ ಅಂಕಿ ಒಂದು ಚೂರೂ ಇಳಿಯದೆ ನಿಂತಿರಬೇಕು, ನಿಂತ ಜಾಗ ಪೆಟ್ಟಿಗೆಯಲ್ಲಿ ಹೇಳಿದ ಅಂಕಿಗೆ ಹತ್ತಿರ ಇರಬೇಕು, ಮತ್ತು ಆ ಗಾಜಿನ ಕಡ್ಡಿಯೇ ಸರಿಯಿದೆಯಾ ಅಂತ ನೀರಿನಲ್ಲಿ ನೋಡಿರಬೇಕು. ನಾನಿರುವ ಇದೇ ಹಲ್‌ನ ಜಾನ್ ರಿಚರ್ಡ್‌ಸನ್ ಅನ್ನುವವರು ಬಿಯರ್ ಮಾಡುವವರಿಗೆ ಈ ತೇಲಿಸಿ ಅಳೆಯುವ ಕ್ರಮವನ್ನು 1784ರಲ್ಲೇ ಪುಸ್ತಕ ಬರೆದು ಹೇಳಿಕೊಟ್ಟಿದ್ದಾರೆ. ನಿಮ್ಮ ಹಾಳೆಯಲ್ಲಿ ಅದಕ್ಕೆ ನಾಲ್ಕು ಸಾಲು ಜಾಗ ಸಿಗಲಿಲ್ಲ. ಕೆಳಗಿನ ಅರ್ಧ ಪುಟದಲ್ಲಿ ನಿಮ್ಮ ಬೇರೆ ಕಿಟ್‌ಗಳ ಬಣ್ಣದ ಜಾಹೀರಾತು ಇದೆ.

ಉಳಿದ 31 ಬಾಟಲಿಗಳನ್ನು ನಾನೇ ವಿಲೇವಾರಿ ಮಾಡಬೇಕಾಯಿತು. ಶಾಲೆಯಿಂದ ತಂದ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ಒಂದೊಂದನ್ನೂ ಟವಲ್‌ನಲ್ಲಿ ಸುತ್ತಿ ಹಿತ್ತಲಿನ ಚಳಿಗೆ ಸಾಗಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಮುಚ್ಚಳ ಸಡಿಲಿಸಿದೆ. ಒಂದೊಂದು ಮುಚ್ಚಳ ತೆಗೆಯುವಾಗಲೂ ಕೈ ನಡುಗುತ್ತಿತ್ತು. ನೊರೆ ಆಳೆತ್ತರ ಹಾರಿತು. ಹುಟ್ಟುಹಬ್ಬಕ್ಕೆ ಅಂತ ಮಾಡಿದ್ದು ಚರಂಡಿಗೆ ಹೋಯಿತು.

ನನಗೆ ಬೇಕಾದ್ದು ಹೇಳುತ್ತೇನೆ. ಕಿಟ್‌ನ ಪೂರ್ತಿ ಹಣ ವಾಪಸ್ ಬೇಕು. 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಪ್ರಕಾರ ಕೆಟ್ಟ ಸಾಮಾನನ್ನು 30 ದಿನದೊಳಗೆ ಬೇಡ ಅನ್ನುವ ಹಕ್ಕು ನನಗಿದೆ, ನಾನು ಕೇಳಿದ್ದು 26ನೇ ದಿನ. ಕಂಬಳಿ, ಕಾರ್ಪೆಟ್, ಸೀರೆ, ಇವರ ಕಾಲಿನ ಗಾಯ ಇವುಗಳ ಲೆಕ್ಕ ಬೇರೆ ಹಾಳೆಯಲ್ಲಿದೆ. 1987ರ ಗ್ರಾಹಕರ ರಕ್ಷಣೆ ಕಾಯ್ದೆಯಲ್ಲಿ ಸಾಮಾನು ಅಪಾಯಕಾರಿಯೋ ಇಲ್ಲವೋ ಅಂತ ತೀರ್ಮಾನಿಸುವಾಗ ಅದರ ಜೊತೆ ಕೊಟ್ಟ ಸೂಚನೆ, ಎಚ್ಚರಿಕೆಯನ್ನೂ ನೋಡುತ್ತಾರೆ. ನಿಮ್ಮ ಹಾಳೆಯನ್ನು ಕೋರ್ಟಿಗೂ ತೋರಿಸೋಣ. ಇದೇ ಕಿಟ್ ತಗೊಂಡ ಎಲ್ಲರಿಗೂ ಹೈಡ್ರೋಮೀಟರನ್ನು ನೀರಿನಲ್ಲಿ ಪರೀಕ್ಷಿಸಿ, ಈಗಾಗಲೇ ತುಂಬಿಸಿದ ಬಾಟಲಿಗಳ ಹತ್ತಿರ ಮಕ್ಕಳನ್ನು ಬಿಡಬೇಡಿ ಅಂತ ಈ ವಾರವೇ ತಿಳಿಸಬೇಕು. ಇದು ಹಣಕ್ಕಿಂತ ಮೊದಲು ಆಗಬೇಕು. ಹಾಗೇ ಆ ಫೋನಿನವರು ನನ್ನ ಗಂಡನಿಗಲ್ಲ, ನನಗೆ ಫೋನ್ ಮಾಡಿ ಕ್ಷಮೆ ಕೇಳಬೇಕು. ಸ್ಪೀಕರ್‌ನಲ್ಲಿ ಹಾಕುತ್ತೇನೆ, ಮಗನೂ ಕೇಳಲಿ.

ಹದಿನಾಲ್ಕು ದಿನ ಕಾಯುತ್ತೇನೆ. ಅದಾದ ಮೇಲೆ ಗ್ರಾಹಕರಿಗೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಮೂಲಕ, ಅಂಗಡಿಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆಯಾದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಹೋಗುತ್ತದೆ, ಸಣ್ಣ ಮೊತ್ತದ ಕೇಸು ನೋಡುವ ಸ್ಮಾಲ್ ಕ್ಲೇಮ್ಸ್‌ನಲ್ಲಿ ಕೇಸೂ ಹಾಕುತ್ತೇನೆ. ಈ ಊರಿನ ಕನ್ನಡದವರಿಗೆ, ಲೀಡ್ಸ್, ಮ್ಯಾಂಚೆಸ್ಟರ್‌ನವರಿಗೆ, ಯಾರ್ಯಾರು ನಮ್ಮವರ ಅಂಗಡಿ ಅಂತ ನಿಮ್ಮ ಹತ್ತಿರ ತಗೊಳ್ಳುತ್ತಾರೋ ಅವರಿಗೆಲ್ಲ ಈ ಪತ್ರದ ಪ್ರತಿ ಕಳಿಸುತ್ತೇನೆ. ಹೈಡ್ರೋಮೀಟರ್ ವಾಪಸ್ ಕಳಿಸಿ ಅಂತ ಕೇಳಬೇಡಿ. ಹತ್ತಿಯಲ್ಲಿ ಸುತ್ತಿ ಬೀಗ ಹಾಕಿ ಇಟ್ಟಿದ್ದೇನೆ. ಕೋರ್ಟಿಗೆ ಅದನ್ನೂ ತರುತ್ತೇನೆ, ಒಂದು ಎತ್ತರದ ಗ್ಲಾಸಿನಲ್ಲಿ ನೀರನ್ನೂ ತರುತ್ತೇನೆ. ಎಷ್ಟು ತೋರಿಸುತ್ತದೆ ಅಂತ ನಿಮ್ಮವರೇ ಎಲ್ಲರ ಮುಂದೆ ಬಗ್ಗಿ ನೋಡಿ, ಗಟ್ಟಿಯಾಗಿ ಓದಿ ಹೇಳಲಿ.

ಇತಿ,
ನಿಮ್ಮ ಗ್ರಾಹಕಿ, ಹಲ್‌ನಿಂದ

ಲಗತ್ತು: ರಸೀದಿ, ಹೈಡ್ರೋಮೀಟರಿನ ಮೂರು ಫೋಟೋ, ಆಸ್ಪತ್ರೆಯ ಚೀಟಿ, ನಷ್ಟದ ಲೆಕ್ಕ